ಕಾರಿನ ಎಸಿ, ಬೆಂಜೀನ್ ಭಯ ಮತ್ತು ಬುಕ್ ಬೈಂಡಿಂಗ್ ಹುಡುಗ ಮೈಕೆಲ್ ಫ್ಯಾರಡೆ

ಬೇಸಿಗೆ ಶುರುವಾಯಿತೆಂದರೆ ಈ ಫಾರ್ವರ್ಡ್ ತಪ್ಪದೆ ಬರುತ್ತದೆ. ಕಾರು ಹತ್ತಿದ ಕೂಡಲೇ ಎಸಿ ಹಾಕಬೇಡಿ, ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡ್, ಸೀಟು, ಏರ್ ಫ್ರೆಶ್ನರ್‌ಗಳಿಂದ ಬೆಂಜೀನ್ ಎಂಬ ವಿಷ ಹೊರಬರುತ್ತದೆ, ಅದರಿಂದ ಕ್ಯಾನ್ಸರ್ ಬರುತ್ತದೆ, ನಿಮ್ಮವರಿಗೆಲ್ಲ ಕಳಿಸಿ ಎಂಬುದು ಅದರ ಸಾರ. ಪಟ್ಟಂದೂರು ಅಗ್ರಹಾರದ ಸುತ್ತಮುತ್ತ ಬೆಳಿಗ್ಗೆ ಬಿಸಿಲಲ್ಲಿ ಕಾರು ನಿಲ್ಲಿಸಿ ಸಂಜೆ ಮತ್ತೆ ಹತ್ತುವ ಟೆಕ್ ಪಾರ್ಕ್ ಉದ್ಯೋಗಿಗಳಿಗೆ ಹೇಳಿ ಮಾಡಿಸಿದಂಥ ಸಂದೇಶ ಇದು. ಓದಿದವರಿಗೆ ಭಯ ಆಗದೆ ಇರುವುದಿಲ್ಲ.

ಈ ಬೆಂಜೀನನ್ನು ಮೊಟ್ಟಮೊದಲು ಬೇರ್ಪಡಿಸಿದವನು ಮೈಕೆಲ್ ಫ್ಯಾರಡೆ. ಹೌದು, ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಕಾಯಿಲ್ ಮತ್ತು ಅಯಸ್ಕಾಂತದ ಚಿತ್ರದ ಪಕ್ಕ ಹೆಸರು ಬರುವ ಅದೇ ಫ್ಯಾರಡೆ. 2023ರ ಮಾರ್ಚ್‌ನಲ್ಲಿ ಪಟ್ಟಂದೂರು ಅಗ್ರಹಾರ ನಿಲ್ದಾಣಕ್ಕೆ ಬಂದ ನೇರಳೆ ಮಾರ್ಗದ ಮೆಟ್ರೊ ರೈಲು ಹಳಿಯ ಪಕ್ಕದ ಮೂರನೇ ಹಳಿಯಿಂದ 750 ವೋಲ್ಟ್ ವಿದ್ಯುತ್ ಪಡೆದು ಓಡುತ್ತದಲ್ಲ, ಅದರ ಮೋಟರಿನ ಹಿಂದಿರುವ ತತ್ವವನ್ನು ತೋರಿಸಿಕೊಟ್ಟವನೂ ಅವನೇ. ಬೆಂಜೀನ್ ಎಂದರೇನು, ಅದು ಎಲ್ಲಿ ನಿಜವಾಗಿ ಅಪಾಯ, ಎಲ್ಲಿ ಬರೀ ಭಯ ಎಂಬುದು ಅವನ ಬದುಕಿನ ಕಥೆಯ ಜೊತೆಗೇ ಓದಿದರೆ ಚೆನ್ನಾಗಿ ತಲೆಗೆ ಹತ್ತುತ್ತದೆ.

ಕಮ್ಮಾರನ ಮಗ

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಈಗ ಲಂಡನ್ ನಗರದೊಳಗೆ ಸೇರಿಹೋಗಿರುವ ನ್ಯೂಯಿಂಗ್ಟನ್‌ನಲ್ಲಿ. ಅಪ್ಪ ಜೇಮ್ಸ್ ಕಮ್ಮಾರ. ಆರೋಗ್ಯ ಸರಿಯಿಲ್ಲದ ಅಪ್ಪ, ಸಾಲದ ಕೂಲಿ, ಬಡತನ. ಓದು ಬರಹ ಬಂದದ್ದು ಸಾಕೆಂದು 13ನೇ ವಯಸ್ಸಿಗೆ ಹುಡುಗ ಕೆಲಸಕ್ಕೆ ಹೋದ. ಬ್ಲ್ಯಾಂಡ್‌ಫರ್ಡ್ ಬೀದಿಯಲ್ಲಿ ಜಾರ್ಜ್ ರೀಬೋ ಎಂಬವನ ಪುಸ್ತಕದಂಗಡಿ, ಅಲ್ಲಿ ಮೊದಲು ಪೇಪರ್ ಹಂಚುವ ಕೆಲಸ, ಮರುವರ್ಷದಿಂದ 7 ವರ್ಷ ಬೈಂಡಿಂಗ್ ಕಲಿಯುವ ಕರಾರು.

ಬೈಂಡಿಂಗ್‌ಗೆ ಬಂದ ಪುಸ್ತಕಗಳನ್ನು ಹೊಲಿಯುವ ಮುಂಚೆ ಓದುವುದು ಅವನ ಚಾಳಿ. ಬ್ರಿಟಾನಿಕಾ ವಿಶ್ವಕೋಶದಲ್ಲಿ ವಿದ್ಯುತ್ತಿನ ಬಗ್ಗೆ ಇದ್ದ ಲೇಖನ, ಜೇನ್ ಮಾರ್ಸೆಟ್ ಎಂಬ ಮಹಿಳೆ ಜನಸಾಮಾನ್ಯರಿಗಾಗಿ ಬರೆದ ರಸಾಯನಶಾಸ್ತ್ರದ ಪುಸ್ತಕ, ಇವೆರಡೂ ಅವನ ದಿಕ್ಕು ಬದಲಿಸಿದವು. ಆದರೆ ಓದಿದ್ದನ್ನು ಹಾಗೇ ನಂಬುವ ಜಾಯಮಾನ ಅವನದಲ್ಲ. ಕೈಗೆ ಸಿಕ್ಕ ಸಾಮಾನಿನಲ್ಲಿ ಸಣ್ಣಪುಟ್ಟ ಪ್ರಯೋಗ ಮಾಡಿ, ಬರೆದದ್ದು ನಿಜವಾಗಿ ಆಗುತ್ತದೋ ಇಲ್ಲವೋ ಎಂದು ನೋಡುತ್ತಿದ್ದ.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬ ಈ ಹುಡುಗನಿಗೆ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟ. ಡೇವಿ ಅಂದರೆ ಆ ಕಾಲದ ಸ್ಟಾರ್ ವಿಜ್ಞಾನಿ. ಫ್ಯಾರಡೆ ನಾಲ್ಕು ಉಪನ್ಯಾಸ ಕೇಳಿ, ಟಿಪ್ಪಣಿಯನ್ನು ಚಿತ್ರಗಳ ಸಮೇತ ತಿದ್ದಿ ಬರೆದು, ಸುಮಾರು 300 ಪುಟದ ಪುಸ್ತಕವಾಗಿ ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿದ. ಅದೇ ಹೊತ್ತಿಗೆ ಡೇವಿ ನೈಟ್ರೋಜನ್ ಟ್ರೈಕ್ಲೋರೈಡ್ ಎಂಬ ಸಿಡಿಯುವ ದ್ರವದ ಪ್ರಯೋಗದಲ್ಲಿ ಕಣ್ಣಿಗೆ ಪೆಟ್ಟು ಮಾಡಿಕೊಂಡಿದ್ದ, ಬರೆದುಕೊಡಲು ಒಬ್ಬ ಬೇಕಾಗಿತ್ತು. ಮುಂದೆ ಪ್ರಯೋಗಾಲಯದ ಸಹಾಯಕನೊಬ್ಬ ಹೊಡೆದಾಟ ಮಾಡಿ ಕೆಲಸ ಕಳೆದುಕೊಂಡ. 1813ರ ಮಾರ್ಚ್ 1ರಂದು ಆ ಜಾಗಕ್ಕೆ ಫ್ಯಾರಡೆ ಬಂದ. ಒಬ್ಬನ ಗಾಯ, ಇನ್ನೊಬ್ಬನ ಜಗಳ, ಅವನಿಗೆ ದಾರಿಯಾಯಿತು.

ಗ್ಯಾಸ್ ಕಂಪನಿಯ ಬೇಡದ ದ್ರವ

ಡೇವಿಯ ಜೊತೆ ಯುರೋಪು ಸುತ್ತಿದ್ದು, ಅಲ್ಲಿ ಡೇವಿಯ ಹೆಂಡತಿ ಅವನನ್ನು ಆಳಿನಂತೆ ನಡೆಸಿಕೊಂಡದ್ದು, 1821ರಲ್ಲಿ ಸಾರಾ ಬರ್ನಾರ್ಡ್‌ಳನ್ನು ಮದುವೆಯಾದದ್ದು, ಅದೇ ವರ್ಷ ಪಾದರಸದ ಬಟ್ಟಲಲ್ಲಿ ವಿದ್ಯುತ್ ಹರಿಯುವ ತಂತಿಯನ್ನು ಅಯಸ್ಕಾಂತದ ಸುತ್ತ ತಿರುಗಿಸಿ ತೋರಿಸಿದ್ದು, ಇವೆಲ್ಲ ಬೇರೆಡೆ ಧಾರಾಳವಾಗಿ ಸಿಗುತ್ತವೆ. ನಮಗೆ ಈಗ ಬೇಕಾದದ್ದು ಅವನ ರಸಾಯನಶಾಸ್ತ್ರ. ಅವನ ಈ ಮುಖವನ್ನು ನಮ್ಮ ಪಠ್ಯಪುಸ್ತಕಗಳು ಯಾಕೋ ಅರ್ಧ ಸಾಲಲ್ಲಿ ಮುಗಿಸುತ್ತವೆ.

1823ರಲ್ಲಿ ಫ್ಯಾರಡೆ ಕ್ಲೋರಿನ್ ಅನಿಲವನ್ನು ಮುಚ್ಚಿದ ಗಾಜಿನ ಕೊಳವೆಯಲ್ಲಿ ಒತ್ತಡಕ್ಕೆ ಒಳಪಡಿಸಿ ದ್ರವವಾಗಿಸಿದ. ಆ ಕೆಲಸದಲ್ಲಿ ಕೊಳವೆಗಳು ಆಗಾಗ ಸಿಡಿಯುತ್ತಿದ್ದವು. ಒಮ್ಮೆ ಅವನ ಕಣ್ಣಿನಿಂದ ಗಾಜಿನ 13 ಚೂರು ತೆಗೆಯಬೇಕಾಯಿತು. ಆವಿ, ಒತ್ತಡ, ದ್ರವ ಇವುಗಳ ಸಂಬಂಧ ಅವನಿಗೆ ಮೈಮೇಲೆ ಪೆಟ್ಟು ಬಿದ್ದೇ ಗೊತ್ತಾಗಿತ್ತು.

ಆಗ ಲಂಡನ್ನಿನಲ್ಲಿ ದೀಪ ಉರಿಸಲು ಗ್ಯಾಸ್ ಬಂದಿತ್ತು. ಕೊಳವೆ ತಲುಪದ ಮನೆಗಳಿಗೆ ಒಂದು ಕಂಪನಿ, ಇವತ್ತಿನ ನಮ್ಮ ಸಿಲಿಂಡರ್ ಹಾಗೆ, ಗ್ಯಾಸನ್ನು ಪಾತ್ರೆಗೆ ತುಂಬಿ ಹಂಚುತ್ತಿತ್ತು. ತಿಮಿಂಗಿಲದ ಎಣ್ಣೆಯಂಥ ಕೊಬ್ಬಿನೆಣ್ಣೆಯನ್ನು ಕೆಂಪಗೆ ಕಾದ ಪಾತ್ರೆಗೆ ಸುರಿದರೆ ಹುಟ್ಟುವ ಗ್ಯಾಸ್ ಅದು. ಅದನ್ನು ವಾತಾವರಣದ ಸುಮಾರು 30 ಪಟ್ಟು ಒತ್ತಡಕ್ಕೆ ಅದುಮಿದಾಗ ತಳದಲ್ಲಿ ತೆಳುವಾದ ಒಂದು ದ್ರವ ಕೂರುತ್ತಿತ್ತು. ಸಾವಿರ ಘನ ಅಡಿ ಗ್ಯಾಸಿಗೆ ಹತ್ತಿರ ಹತ್ತಿರ ಒಂದು ಗ್ಯಾಲನ್, ಅಂದರೆ ನಾಲ್ಕೂವರೆ ಲೀಟರ್. ಕಂಪನಿಗೆ ಅದು ರಗಳೆ. ಫ್ಯಾರಡೆಗೆ ಅದು ಪ್ರಶ್ನೆ.

ದ್ರವವನ್ನು ಕಾಯಿಸಿದರೆ ಅದು ಒಂದೇ ತಾಪದಲ್ಲಿ ಕುದಿಯಲಿಲ್ಲ. ಹಾಗಿದ್ದರೆ ಇದು ಒಂದೇ ವಸ್ತು ಅಲ್ಲ, ಹಲವು ವಸ್ತುಗಳ ಮಿಶ್ರಣ. ಬೇರೆ ಬೇರೆ ತಾಪದಲ್ಲಿ ಏಳುವ ಆವಿಯನ್ನು ಬೇರೆ ಬೇರೆ ಹಿಡಿದು, ಮತ್ತೆ ಕಾಯಿಸಿ, ಮತ್ತೆ ಹಿಡಿದು, ಬೇಸರವಿಲ್ಲದೆ ಸೋಸುತ್ತಾ ಹೋದ. ಒಂದು ಭಾಗವನ್ನು ಹಿಮದಲ್ಲಿ ತಣಿಸಿದಾಗ ಅದು ಬಿಳಿ ಹರಳಾಗಿ ಗಟ್ಟಿಯಾಯಿತು. ಗಟ್ಟಿಯಾಗದ ಉಳಿದ ದ್ರವವನ್ನು ಹಿಂಡಿ ತೆಗೆದ. ಉಳಿದದ್ದು ಶುದ್ಧ ವಸ್ತು. ಅದನ್ನು ಸುಟ್ಟು, ಹುಟ್ಟಿದ ಇಂಗಾಲದ ಡೈಆಕ್ಸೈಡ್ ಮತ್ತು ನೀರನ್ನು ಅಳೆದು, ಇದರಲ್ಲಿ ಕಾರ್ಬನ್ ಮತ್ತು ಹೈಡ್ರೋಜನ್ ಬಿಟ್ಟು ಬೇರೇನೂ ಇಲ್ಲ ಎಂದು ತೀರ್ಮಾನಿಸಿದ. 1825ರ ಜೂನ್ 16ರಂದು ರಾಯಲ್ ಸೊಸೈಟಿಯಲ್ಲಿ ಆ ಪ್ರಬಂಧವನ್ನು ಓದಲಾಯಿತು. ಆಗಿನ ಪದ್ಧತಿಯ ಪರಮಾಣು ತೂಕದ ಪ್ರಕಾರ ಅವನಿಟ್ಟ ಹೆಸರು ಬೈಕಾರ್ಬುರೆಟ್ ಆಫ್ ಹೈಡ್ರೋಜನ್. ಈಗಿನ ಲೆಕ್ಕದಲ್ಲಿ ಅದರ ಒಂದು ಅಣುವಿನಲ್ಲಿ 6 ಕಾರ್ಬನ್, 6 ಹೈಡ್ರೋಜನ್.

ಬೆಂಜೀನ್ ಎಂಬ ಹೆಸರು ಬಂದ ದಾರಿ ನಮಗೆ ಹತ್ತಿರದ್ದು. 1830ರ ದಶಕದಲ್ಲಿ ಜರ್ಮನಿಯ ಮಿಟ್ಶರ್ಲಿಕ್ ಇದೇ ವಸ್ತುವನ್ನು ಬೆಂಜೋಯಿಕ್ ಆಮ್ಲದಿಂದ ತೆಗೆದ. ಆ ಆಮ್ಲ ಬರುತ್ತಿದ್ದದ್ದು ನಾವು ಸಾಂಬ್ರಾಣಿ, ಲೋಬಾನ ಎಂದು ಕೆಂಡಕ್ಕೆ ಹಾಕುವ ಮರದ ಅಂಟಿನಿಂದ. ಅರಬ್ಬಿ ವ್ಯಾಪಾರಿಗಳ ಲುಬಾನ್ ಜಾವಿ, ಅಂದರೆ ಜಾವಾದ ಲೋಬಾನ, ಯುರೋಪಿನವರ ಬಾಯಲ್ಲಿ ತಿರುಚಿ ತಿರುಚಿ ಬೆಂಜೋಯಿನ್ ಆಯಿತು, ಅದರಿಂದ ಬೆಂಜೀನ್ ಹುಟ್ಟಿತು. ಇದನ್ನು ಓದಿ ಸಾಂಬ್ರಾಣಿಯೇ ಬೆಂಜೀನ್ ಎಂದು ಹೊಸ ಫಾರ್ವರ್ಡ್ ಶುರು ಮಾಡಬೇಡಿ, ದಯವಿಟ್ಟು. ಸೌದೆ, ಕಸ, ಊದುಬತ್ತಿ ಯಾವುದರ ಹೊಗೆಯಲ್ಲೂ ಅಷ್ಟಿಷ್ಟು ಬೆಂಜೀನ್ ಇರುತ್ತದೆ ಎಂಬುದು ಬೇರೆ ಮಾತು, ಕಿಟಕಿ ತೆರೆದಿಟ್ಟರೆ ಒಳ್ಳೆಯದು.

ಹಾರಿಹೋಗುವ ದ್ರವದ ಸ್ವಭಾವ

ಬೆಂಜೀನ್ ಬಣ್ಣವಿಲ್ಲದ ದ್ರವ, ಒಂದು ಬಗೆಯ ಸಿಹಿ ವಾಸನೆ. 5.5 ಡಿಗ್ರಿ ಸೆಲ್ಸಿಯಸ್‌ನಲ್ಲೇ ಗಟ್ಟಿಯಾಗುತ್ತದೆ, 80 ಡಿಗ್ರಿಗೆ ಕುದಿಯುತ್ತದೆ. ಆದರೆ ಆವಿಯಾಗಲು ಕುದಿಯುವವರೆಗೂ ಕಾಯುವುದಿಲ್ಲ, ತಟ್ಟೆಯಲ್ಲಿಟ್ಟರೆ ಕೋಣೆಯ ತಾಪದಲ್ಲೇ ಹಾರಿಹೋಗುತ್ತದೆ. ಅದರ ಆವಿ ಗಾಳಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಭಾರ. ಹಾಗಾಗಿ ಮೇಲಕ್ಕೆ ಹೋಗದೆ ನೆಲ ಹಿಡಿದು ಹರಿದು, ಗುಂಡಿ, ಚರಂಡಿ, ನೆಲಮಾಳಿಗೆಯಲ್ಲಿ ತುಂಬಿಕೊಳ್ಳುತ್ತದೆ. ಸೊನ್ನೆಗಿಂತ 11 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದು ಪಾಲು ಚಿಲ್ಲರೆ ಸೇರಿದರೆ ಸಾಕು, ಸ್ಫೋಟಕ್ಕೆ ಸಿದ್ಧ. ನೀರಿಗಿಂತ ಹಗುರ, ನೀರಲ್ಲಿ ಹೆಚ್ಚು ಕರಗದು. ಅದಕ್ಕೇ ಇಂಥ ಬೆಂಕಿಗೆ ನೀರು ಸುರಿದರೆ ಉರಿ ನೀರಿನ ಮೇಲೆ ತೇಲಿ ಹರಡುತ್ತದೆ. ಬೇಕಾದದ್ದು ನೊರೆ ಅಥವಾ ಒಣ ಪುಡಿ. ಪೆಟ್ರೋಲಿನ ಬೆಂಕಿಗೂ ಇದೇ ನಿಯಮ.

ಈ ಗುಣಕ್ಕೆ ಬೇಗ ಬಲಿಯಾದವನು ಚಾರ್ಲ್ಸ್ ಮ್ಯಾನ್ಸ್‌ಫೀಲ್ಡ್. ಕಲ್ಲಿದ್ದಲ ಡಾಂಬರಿನಿಂದ ಬೆಂಜೀನನ್ನು ದೊಡ್ಡ ಪ್ರಮಾಣದಲ್ಲಿ ತೆಗೆಯುವ ದಾರಿ ಹುಡುಕಿದವನು ಅವನೇ. 1855ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕಾಗಿ ಮಾದರಿ ತಯಾರಿಸುವಾಗ ಪಾತ್ರೆ ಉಕ್ಕಿ ಹೊತ್ತಿಕೊಂಡಿತು. ಕಟ್ಟಡ ಉಳಿಸಲೆಂದು ಉರಿಯುವ ಪಾತ್ರೆಯನ್ನೇ ಹೊರಗೆ ಹೊತ್ತೊಯ್ಯಲು ಹೋಗಿ, ಸುಟ್ಟ ಗಾಯದಿಂದ 35ನೇ ವಯಸ್ಸಿಗೆ ತೀರಿಕೊಂಡ.

ಬೆಂಕಿಯ ಅಪಾಯ ಕಣ್ಣಿಗೆ ಕಾಣುತ್ತದೆ. ಇನ್ನೊಂದು ಅಪಾಯ ಕಾಣಿಸಿಕೊಳ್ಳಲು ಫ್ಯಾರಡೆ ಸತ್ತ ಮೇಲೂ 30 ವರ್ಷ ಬೇಕಾಯಿತು. 1897ರಲ್ಲಿ ಸ್ವೀಡನ್ನಿನ ಸ್ಯಾಂಟೆಸ್ಸನ್ ಎಂಬ ವೈದ್ಯ, ಸೈಕಲ್ ಟೈರ್ ಕಾರ್ಖಾನೆಯಲ್ಲಿ ಬೆಂಜೀನ್ ಆವಿಯ ನಡುವೆ ದುಡಿದ ಯುವತಿಯರು ರಕ್ತವೇ ಹುಟ್ಟದ ಕಾಯಿಲೆಯಿಂದ ಸತ್ತದ್ದನ್ನು ವರದಿ ಮಾಡಿದ. ಆದರೂ ಜಗತ್ತು ಬೆಂಜೀನನ್ನು ಬಿಡಲಿಲ್ಲ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಕಾಫಿ ಬೀಜದಿಂದ ಕೆಫೀನ್ ತೆಗೆಯಲು ಕೂಡ ಇದನ್ನು ಬಳಸಿದರು! 1970ರ ದಶಕದಲ್ಲಿ ಇಸ್ತಾಂಬುಲ್‌ನ ವೈದ್ಯ ಮುಜಫ್ಫರ್ ಅಕ್ಸೋಯ್, ಬೆಂಜೀನ್ ಇರುವ ಅಂಟು ಹಚ್ಚಿ ಚಪ್ಪಲಿ ಹೊಲಿಯುತ್ತಿದ್ದವರಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚಾಗಿರುವುದನ್ನು ಲೆಕ್ಕ ಸಮೇತ ತೋರಿಸಿದ. ಉಸಿರಿನಿಂದ, ಚರ್ಮದಿಂದ ಒಳಹೋದ ಬೆಂಜೀನನ್ನು ಯಕೃತ್ತು ಒಡೆಯಲು ನೋಡುತ್ತದೆ, ಒಡೆದಾಗ ಹುಟ್ಟುವ ತುಣುಕುಗಳು ರಕ್ತ ತಯಾರಾಗುವ ಮೂಳೆಮಜ್ಜೆಯನ್ನೇ ಹಾಳುಮಾಡುತ್ತವೆ. ಇಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಪಟ್ಟಿಯಲ್ಲಿ ಬೆಂಜೀನ್ ಮೊದಲ ಗುಂಪಿನಲ್ಲಿದೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂಬುದು ಖಚಿತ. ಫಾರ್ವರ್ಡ್‌ನ ಈ ಭಾಗ ಸುಳ್ಳಲ್ಲ. ಅದಕ್ಕೇ ಉಳಿದದ್ದನ್ನೂ ಜನ ನಂಬುತ್ತಾರೆ.

ಮೇಜು ತಿರುಗಿಸುವ ದೆವ್ವ

ನಡುವಯಸ್ಸಿನ ಫ್ಯಾರಡೆಯನ್ನು ಸರ್ಕಾರ ಎಲ್ಲದಕ್ಕೂ ಕರೆಯುತ್ತಿತ್ತು. 1844ರ ಸೆಪ್ಟೆಂಬರ್‌ನಲ್ಲಿ ಹ್ಯಾಸ್ವೆಲ್ ಕಲ್ಲಿದ್ದಲ ಗಣಿ ಸ್ಫೋಟಿಸಿ 95 ಗಂಡಸರು, ಹುಡುಗರು ಸತ್ತಾಗ ಭೂವಿಜ್ಞಾನಿ ಲಯೆಲ್ ಜೊತೆ ಅವನನ್ನೂ ವಿಚಾರಣೆಗೆ ಕಳಿಸಿದರು. ಗಣಿಯೊಳಗೆ ಗಾಳಿ ಎಷ್ಟು ವೇಗವಾಗಿ ಹರಿಯುತ್ತದೆ ಎಂದು ಹೇಗೆ ಅಳೆಯುತ್ತೀರಿ ಎಂದು ಕೇಳಿದನಂತೆ. ಅಧಿಕಾರಿ ಚಿಟಿಕೆ ಮದ್ದಿನಪುಡಿಯನ್ನು ಮೇಣದಬತ್ತಿಯ ಉರಿಗೆ ಉದುರಿಸಿ, ಆ ಹೊಗೆ ಸಾಗುವುದನ್ನು ಗಡಿಯಾರ ಹಿಡಿದು ತೋರಿಸಿದ. ಮದ್ದನ್ನು ಎಲ್ಲಿ ಇಡುತ್ತೀರಿ ಎಂದರೆ, ಚೀಲದಲ್ಲಿ ಬಿಗಿಯಾಗಿ ಕಟ್ಟಿ. ಚೀಲ ಎಲ್ಲಿ ಎಂದು ಕೇಳಿದಾಗ ಗೊತ್ತಾಯಿತು, ಫ್ಯಾರಡೆ ಕೂತಿದ್ದದ್ದೇ ಅದರ ಮೇಲೆ. ಲಯೆಲ್ ಹೇಳಿಕೊಂಡಿದ್ದ ಪ್ರಸಂಗ ಇದು. ನಗು ಬರುತ್ತದೆ, ಆದರೆ ಇವರ ವರದಿ ನಗುವಂಥದ್ದಲ್ಲ. ಸ್ಫೋಟದಲ್ಲಿ ಗ್ಯಾಸಿನ ಜೊತೆಗೆ ಕಲ್ಲಿದ್ದಲಿನ ನುಣುಪು ದೂಳೂ ಉರಿದು ಸಾವು ಹೆಚ್ಚಿಸಿತು ಎಂದು ಅದು ಎಚ್ಚರಿಸಿತ್ತು.

1853ರ ಹೊತ್ತಿಗೆ ಲಂಡನ್ನಿನ ಮನೆಗಳಲ್ಲಿ ಹೊಸ ಹುಚ್ಚು. ನಾಲ್ಕಾರು ಜನ ಮೇಜಿನ ಸುತ್ತ ಕೈಯಿಟ್ಟು ಕೂತರೆ ಮೇಜು ತಾನಾಗಿ ತಿರುಗುತ್ತದೆ. ಆತ್ಮಗಳು ಎಂದರು ಕೆಲವರು, ಗೊತ್ತಿಲ್ಲದ ವಿದ್ಯುತ್ ಎಂದರು ಇನ್ನು ಕೆಲವರು. ವಿದ್ಯುತ್ ಎಂದ ಮೇಲೆ ಎಲ್ಲರೂ ಫ್ಯಾರಡೆಗೆ ಪತ್ರ ಬರೆಯತೊಡಗಿದರು. ನಮ್ಮ ಹಾಸ್ಟೆಲ್‌ಗಳಲ್ಲಿ ಲೋಟ, ನಾಣ್ಯದ ಮೇಲೆ ಬೆರಳಿಟ್ಟು ದೆವ್ವ ಕರೆಯುವ ಆಟದ ಮುತ್ತಜ್ಜಿ ಅದು.

ಫ್ಯಾರಡೆ ಗೇಲಿ ಮಾಡಿ ಸುಮ್ಮನಾಗಲಿಲ್ಲ. ಮೇಜಿಗೂ ಕೈಗೂ ನಡುವೆ ರಟ್ಟಿನ ಹಾಳೆಗಳನ್ನು ಮೆತ್ತನೆ ಅಂಟಿನಿಂದ ಒಂದರ ಮೇಲೊಂದು ಕೂರಿಸಿದ. ಮೇಜು ಮೊದಲು ಚಲಿಸಿದರೆ ಕೆಳಗಿನ ಹಾಳೆ ಮುಂದೆ ಹೋಗಿರಬೇಕು, ಕೈ ಮೊದಲು ತಳ್ಳಿದರೆ ಮೇಲಿನದು. ನೋಡಿದರೆ ಪ್ರತಿಸಲವೂ ಮೇಲಿನದೇ ಮುಂದೆ. ಆಮೇಲೆ ಕೈಯ ಸಣ್ಣ ತಳ್ಳುವಿಕೆಯನ್ನೂ ತೋರಿಸುವ ಒಂದು ಕಡ್ಡಿಯನ್ನು ಜೋಡಿಸಿದ. ಕೂತವರಿಗೆ ಆ ಕಡ್ಡಿ ಕಾಣುವಂತೆ ಇಟ್ಟಾಗ ಮೇಜು ಅಲುಗಲೇ ಇಲ್ಲ. ಅವರು ಮೋಸಗಾರರಲ್ಲ, ತಾವು ತಳ್ಳುತ್ತಿದ್ದೇವೆ ಎಂಬುದು ಅವರಿಗೇ ಗೊತ್ತಿರಲಿಲ್ಲ. ಫಲಿತಾಂಶವನ್ನು ಪತ್ರಿಕೆಗೆ ಕಳಿಸಿದ. ಪ್ರೇತವಾದಿಗಳು ಕೋಪಗೊಂಡರು, ಹುಚ್ಚು ಮುಂದುವರಿಯಿತು. ಎಂದಿನಂತೆ.

ಅವನ ಕಡ್ಡಿಯನ್ನು ಫಾರ್ವರ್ಡ್‌ಗೂ ಇಡೋಣ

ಕಾರಿನ ಸಂದೇಶದಲ್ಲಿ ಅಂಕಿಗಳಿವೆ. ಮನೆಯೊಳಗೆ ಬೆಂಜೀನ್ ಚದರ ಅಡಿಗೆ 50 ಮಿಲಿಗ್ರಾಂವರೆಗೆ ಇರಬಹುದಂತೆ, ಬಿಸಿಲಲ್ಲಿ ನಿಂತ ಕಾರಿನಲ್ಲಿ 2000ದಿಂದ 4000 ಮಿಲಿಗ್ರಾಂ ಆಗುತ್ತದಂತೆ, ಅದು 40 ಪಟ್ಟಂತೆ. ಮೊದಲನೆಯದಾಗಿ, ಗಾಳಿಯಲ್ಲಿರುವುದನ್ನು ಚದರ ಅಡಿಯಲ್ಲಿ ಯಾರೂ ಅಳೆಯುವುದಿಲ್ಲ, ಘನ ಮೀಟರಿನಲ್ಲಿ ಅಳೆಯುತ್ತಾರೆ. ಇನ್ನು 4000ವನ್ನು 50ರಿಂದ ಭಾಗಿಸಿದರೆ ಬರುವುದು 80. ಅವರದೇ ಲೆಕ್ಕ ಅವರಿಗೇ ಹೊಂದುವುದಿಲ್ಲ.

ಅದನ್ನೂ ಬಿಡೋಣ. 4000 ಮಿಲಿಗ್ರಾಂ ಅಂದರೆ 4 ಗ್ರಾಂ, ಹೆಚ್ಚುಕಡಿಮೆ ಒಂದು ಟೀ ಚಮಚ ಬೆಂಜೀನ್. ದಿನಾ ಬಿಸಿಲಲ್ಲಿ ನಿಲ್ಲುವ ಕಾರಿನ ಡ್ಯಾಶ್‌ಬೋರ್ಡ್ ದಿನಕ್ಕೊಂದು ಚಮಚ ಬಿಟ್ಟರೆ ವರ್ಷಕ್ಕೆ ಒಂದೂವರೆ ಲೀಟರ್ ಮೀರುತ್ತದೆ. ಪ್ಲಾಸ್ಟಿಕ್‌ನೊಳಗೆ ಅಷ್ಟು ದ್ರವ ಎಲ್ಲಿಂದ ಬರಬೇಕು? ಕಾರಿನೊಳಗಿನ 3 ಘನ ಮೀಟರ್ ಗಾಳಿಯಲ್ಲಿ ಅಷ್ಟು ಬೆಂಜೀನ್ ಇದ್ದರೆ ಅದು ಅಮೆರಿಕದ ಕಾರ್ಖಾನೆಗಳಿಗೆ ಇರುವ ಮಿತಿಯ, ಅಂದರೆ ಗಾಳಿಯ 10 ಲಕ್ಷ ಭಾಗಕ್ಕೆ 1 ಭಾಗದ, ಸುಮಾರು 400 ಪಟ್ಟು. ಬಾಗಿಲು ತೆರೆದ ಕೂಡಲೇ ಮೂಗಿಗೆ ಹೊಡೆಯಬೇಕು, ಊರಿಗೆ ಊರೇ ತಲೆಸುತ್ತು ಎನ್ನಬೇಕು. 2007ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಬಿಸಿಗೆ ಕಾಯಿಸಿದ ಕಾರುಗಳ ಒಳಗಾಳಿಯನ್ನೇ ಹಿಡಿದು ಜೀವಕೋಶಗಳ ಮೇಲೆ ಪರೀಕ್ಷಿಸಿದಾಗ ಆರೋಗ್ಯಕ್ಕೆ ಅಂಥ ಅಪಾಯವೇನೂ ಕಾಣಲಿಲ್ಲ. ಹೊಸ ಕಾರಿನ ವಾಸನೆ ಹಲವು ಆವಿಗಳ ಮಿಶ್ರಣ, ಹೌದು. ಮೊದಲು ಗಾಜು ಇಳಿಸಿ ಕಾವು ಹೊರಗೆ ಬಿಡುವುದು ಒಳ್ಳೆಯ ಅಭ್ಯಾಸ, ಖರ್ಚೂ ಇಲ್ಲ. ಆದರೆ ಮುಚ್ಚಿದ ಕಾರಿನಲ್ಲಿ ನಿಜವಾಗಿ ಜೀವ ತೆಗೆಯುವುದು ಬಿಸಿ. ಐದೇ ನಿಮಿಷ ಎಂದು ಮಗುವನ್ನು ಒಳಗೆ ಬಿಟ್ಟು ಹೋಗಬೇಡಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಚಾಲೂ ಇಟ್ಟು ಎಸಿಯಲ್ಲಿ ಮಲಗಬೇಡಿ, ಅಲ್ಲಿ ಕೊಲ್ಲುವುದು ಕಾರ್ಬನ್ ಮೊನಾಕ್ಸೈಡ್.

ಹಾಗಾದರೆ ಆ ಒಂದು ಚಮಚ ಬೆಂಜೀನ್ ಎಲ್ಲೂ ಇಲ್ಲವೆ? ಇದೆ. ನಮ್ಮ ದೇಶದ ಪೆಟ್ರೋಲಿನಲ್ಲಿ ಗಾತ್ರದ ಲೆಕ್ಕದಲ್ಲಿ ನೂರಕ್ಕೆ 1ರವರೆಗೆ ಬೆಂಜೀನ್ ಇರಬಹುದು. ಅರ್ಧ ಲೀಟರ್ ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತುಂಬಿಸಿದರೆ ಅದರಲ್ಲಿ 5 ಮಿಲಿಲೀಟರ್‌ವರೆಗೆ, ಅದೇ ಒಂದು ಟೀ ಚಮಚ. ಗ್ಯಾರೇಜಿನ ಹುಡುಗ ಕೈಯ ಗ್ರೀಸ್ ತೊಳೆಯುವುದು ಅದರಿಂದಲೇ, ಕಾರ್ಬುರೇಟರ್ ಉಜ್ಜುವುದೂ ಅದರಿಂದಲೇ. ಬೈಕಿನ ಟ್ಯಾಂಕಿಗೆ ಪೈಪ್ ಬಿಟ್ಟು ಬಾಯಲ್ಲಿ ಎಳೆಯುವವರನ್ನು ನೀವೂ ನೋಡಿರುತ್ತೀರಿ. ಅಪ್ಪಿತಪ್ಪಿ ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಥರದ ಉರಿಯೂತವಾಗಿ ಜೀವಕ್ಕೇ ಕುತ್ತು. ಪೆಟ್ರೋಲ್ ನುಂಗಿದವರಿಗೆ ವಾಂತಿ ಮಾಡಿಸಬಾರದು, ವಾಂತಿಯ ಜೊತೆ ಅದು ಮತ್ತೆ ಶ್ವಾಸನಾಳಕ್ಕೆ ಹೋಗುತ್ತದೆ. ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಕೈಗೆ ಸೋಪು ಸಾಕು, ಜಿಡ್ಡು ಹೋಗದಿದ್ದರೆ ಅಡುಗೆ ಎಣ್ಣೆ ಸವರಿ ಆಮೇಲೆ ಸೋಪು ಹಾಕಿ. ಪೆಟ್ರೋಲನ್ನು ಮನೆಯೊಳಗೆ, ನೆಲಮಾಳಿಗೆಯಲ್ಲಿ ಕೂಡಿಡಬೇಡಿ. ಥಿನ್ನರ್, ಅಂಟು ಬಳಸುವ ಚಿಕ್ಕ ಕಾರ್ಖಾನೆಗಳಲ್ಲಿ ಗಾಳಿ ಹೊರಹೋಗುವ ಫ್ಯಾನ್ ಇಲ್ಲದಿದ್ದರೆ ಮಾಲೀಕರನ್ನು ಕೇಳುವ ಹಕ್ಕು ಕೆಲಸಗಾರನಿಗಿದೆ. ಮೂಗಿಗೆ ಕಟ್ಟಿದ ಬಟ್ಟೆ ಆವಿಯನ್ನು ತಡೆಯುವುದಿಲ್ಲ.

ಇನ್ನೊಂದು ಮೂಲ ಜೇಬಿನಲ್ಲೇ ಇರುತ್ತದೆ. ಸಿಗರೇಟು ಸೇದುವವರ ದೇಹಕ್ಕೆ ಸೇದದವರಿಗಿಂತ ಸುಮಾರು 10 ಪಟ್ಟು ಬೆಂಜೀನ್ ಹೋಗುತ್ತದೆ. ಕಾರಿನ ಗಾಜು ಏರಿಸಿಕೊಂಡು ಸಿಗರೇಟು ಹಚ್ಚಿ, ಎಸಿ ಫಾರ್ವರ್ಡ್ ಕಳಿಸುವವರೂ ಇದ್ದಾರೆ. ಹೊರಗಿನ ಗಾಳಿಗೆ ನಮ್ಮ ರಾಷ್ಟ್ರೀಯ ಮಾನದಂಡ ಘನ ಮೀಟರಿಗೆ ವರ್ಷದ ಸರಾಸರಿ 5 ಮೈಕ್ರೊಗ್ರಾಂ. ಟ್ರಾಫಿಕ್‌ನಲ್ಲಿ ನಿಂತ ವಾಹನಗಳ ಹೊಗೆ ಅದಕ್ಕೆ ಸೇರುತ್ತಲೇ ಇರುತ್ತದೆ. ಮೆಟ್ರೊ ಹತ್ತಿದವರು ಅಷ್ಟರಮಟ್ಟಿಗೆ ಪಾರು.

ಕೊನೆಯ ವರ್ಷಗಳು

1831ರ ಆಗಸ್ಟ್ 29ರಂದು ಅವನು ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯೇ ಮುಂದೆ ಜನರೇಟರ್ ಆಯಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಕ್ಕೆ ಬಂದ ಕರೆಂಟು ಅದೇ ತತ್ವದ ಕೂಸು. ಫ್ಯಾರಡೆಗೆ ಅದರಿಂದ ಹಣ ಬರಲಿಲ್ಲ, ಅವನು ಕೇಳಲೂ ಇಲ್ಲ. ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿಯನ್ನು ಎರಡು ಸಲ ಬೇಡವೆಂದ. ಮಕ್ಕಳಿಗೆ ಕ್ರಿಸ್ಮಸ್ ಉಪನ್ಯಾಸ ಕೊಡುವುದು ಮಾತ್ರ ಅವನಿಗೆ ಇಷ್ಟ, ಒಂದೇ ಮೇಣದಬತ್ತಿ ಇಟ್ಟುಕೊಂಡು ಇಡೀ ರಸಾಯನಶಾಸ್ತ್ರ ಹೇಳುತ್ತಿದ್ದ. ಅವನಿಗೆ ಸ್ವಂತ ಮಕ್ಕಳಿರಲಿಲ್ಲ.

1830ರ ದಶಕದ ಕೊನೆಯಿಂದ ಮರೆವು, ತಲೆಸುತ್ತು ಕಾಡತೊಡಗಿದವು. 1841ರಲ್ಲಿ ಎಲ್ಲ ಕೆಲಸ ಬಿಟ್ಟು ಸ್ವಿಟ್ಜರ್ಲೆಂಡಿನಲ್ಲಿ ತಿಂಗಳುಗಟ್ಟಲೆ ಸುಧಾರಿಸಿಕೊಂಡ. ಮಾಡಿದ ಪ್ರಯೋಗ ಮರೆತು ಹೋಗುವ ಭಯಕ್ಕೆ ದಿನಚರಿಯ ಪ್ರತಿ ಪರಿಚ್ಛೇದಕ್ಕೂ ಅಂಕಿ ಹಾಕಿ ಬರೆದಿಡುವ ರೂಢಿ ಅವನ ಕೈ ಹಿಡಿಯಿತು. ಪಾದರಸದ ವಿಷವಿರಬಹುದು ಎಂದು ಕೆಲವರು ಊಹಿಸಿದ್ದಾರೆ. ಬೆಂಜೀನ್ ಫ್ಯಾರಡೆಯನ್ನು ಕೊಂದಿತು ಎಂದು ನಾಳೆ ಯಾರಾದರೂ ಚಿತ್ರ ಹಾಕಿ ಕಳಿಸಿದರೆ ನಂಬಬೇಡಿ, ಅದಕ್ಕೆ ಆಧಾರವಿಲ್ಲ.

1858ರಲ್ಲಿ ರಾಣಿ ವಿಕ್ಟೋರಿಯಾ ಹ್ಯಾಂಪ್ಟನ್ ಕೋರ್ಟ್ ಬಳಿ ಇರಲು ಮನೆ ಕೊಟ್ಟಳು. 1867ರ ಆಗಸ್ಟ್ 25ರಂದು, 75ನೇ ವಯಸ್ಸಿನಲ್ಲಿ, ಫ್ಯಾರಡೆ ಅಲ್ಲೇ ತೀರಿಕೊಂಡ. 1825ರಲ್ಲಿ ಅವನು ಬೇರ್ಪಡಿಸಿದ ಬೆಂಜೀನಿನ ಸ್ವಲ್ಪ ಭಾಗ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಇನ್ನೂ ಇದೆ, ಗಾಜಿನೊಳಗೆ, ಬಾಯಿ ಭದ್ರವಾಗಿ ಮುಚ್ಚಿ.